ಒಂಬೈನೂರು ಗ್ರಾಮಿನ ಮರ್ಯಾದೆ

ತೂಕದ ವಿಷಯದಲ್ಲಿ ನನ್ನೆದುರು ಯಾರೂ ಬಾಯಿ ಬಿಡಬಾರದು! ಇದು ಜಂಬವಲ್ಲ, ಅನುಭವ. ನಮ್ಮ ಇಂಡಿ ಊರಿನ ಮಾರುಕಟ್ಟೆಯಲ್ಲಿ, ರೈತರ ಕಾಳು ಮಾರಿಸಿಕೊಡುವ ರಾವಸಾಬ ಸಾವಕಾರರ ಅಡತಿ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ತೂಕದ ಕಾಟಾದ ಪಕ್ಕ ನಿಂತು ತೊಗರಿ, ಕಡಲೆ, ಜೋಳ ತೂಗಿಸುತ್ತ ಬಂದವನು ನಾನು. ಹಮಾಲರು ಚೀಲ ಇಳಿಸಿದ ಸದ್ದು ಕೇಳಿಯೇ "ಅರವತ್ತೆರಡೂವರೆ" ಎಂದು ಹೇಳಬಲ್ಲೆ. ಮದುವೆ ಮನೆಗೆ ಹೋದರೂ ನನ್ನ ಕಣ್ಣು ಮದುಮಗನ ಮುಖಕ್ಕಿಂತ ಮೊದಲು ಅವನ ತೂಕವನ್ನು ನೋಡುತ್ತದೆ!

ನನಗೊಬ್ಬಳೇ ಮಗಳು, ವಿಜಯಲಕ್ಷ್ಮಿ. ಪಿಯುಸಿ ಎರಡನೆಯ ವರ್ಷ. ಮನೆಯಲ್ಲಿ ವಿಜಿ, ರಿಂಗಿನಲ್ಲಿ ಬಾಕ್ಸರ್. ಅವಳ ಕೋಚ್ ಜಹೀರ ಸರ್ ಮಿಲಿಟರಿಯಿಂದ ನಿವೃತ್ತರಾಗಿ ಬಂದವರು. ಒಂದು ರವಿವಾರ ಅವರು ನನ್ನನ್ನೂ ನನ್ನ ಹೆಂಡತಿ ಬಾಳಮ್ಮಳನ್ನೂ ಕರೆಸಿದರು.

"ಮುಂದಿನ ರವಿವಾರ ಬಸವನ ಬಾಗೇವಾಡ್ಯಾಗ ಸ್ಪರ್ಧೆ ಐತ್ರಿ. ಗೆದ್ದವರಿಗೆ ರಾಜ್ಯದ ಶಿಬಿರ. ವಿಜಿ ಆಡೂದು ಐವತ್ತು ಕಿಲೊದಾಗ. ಇವತ್ತ ಐವತ್ತೆರಡು ಅದಾಳ. ಆವತ್ತ ಮುಂಜಾನಿ ತೂಕ ಹಿಡೀತಾರ. ಐವತ್ತರ ಮ್ಯಾಲ ಒಂದ ಹಿಡಿ ಹೆಚ್ಚಾದ್ರೂ ರಿಂಗ್ ಹತ್ತಾಕ ಬಿಡೂದಿಲ್ಲ. ಒಂದ ವರ್ಷದ ದುಡಿತ ನೀರಾಗ ಹೋಗ್ತೈತಿ."

ನಾನು ಎದ್ದು ನಿಂತು ಎದೆ ತಟ್ಟಿಕೊಂಡೆ. "ತೂಕ ನನಗ ಬಿಟ್ಟಬಿಡ್ರಿ ಸರ್!"

"ಬಿಡ್ತೇನ್ರಿ. ಆದ್ರ ದಿನಾ ನನ್ನ ಕಾಟಾದ ಮ್ಯಾಲ ತೂಗ್ರಿ." ಸರ್ ಮೂಲೆಯಲ್ಲಿದ್ದ ಒಂದು ಚಪ್ಪಟೆ ಡಬ್ಬಿ ತೋರಿಸಿದರು.

ನನಗೆ ನಗು ತಡೆಯಲಾಗಲಿಲ್ಲ. "ಈ ರೊಟ್ಟಿ ಹಂಚಿನಷ್ಟು ಡಬ್ಬಿ ಮ್ಯಾಲ ನನ್ನ ಮಗಳ ಭವಿಷ್ಯ ನಿಂದ್ರಸಾಂವ ಅಲ್ರಿ ನಾ! ಟನ್ನುಗಟ್ಟಲೆ ತೊಗರಿ ಹೊತ್ತ ಕಾಟಾ ಐತಿ ನಮ್ಮದು."

"ಎರಡೂ ಕಡೆ ತೂಗಿದ್ರ ಗಂಟೇನ ಹೋಗ್ತೈತ್ರಿ?" ಎಂದಳು ಬಾಳಮ್ಮ.

"ನೀ ರೊಟ್ಟಿ ಬಡಿ. ತೂಕ ನಾ ನೋಡ್ತೇನಿ!"

ಮರುದಿನ ಸಂಜೆ ಮಾರುಕಟ್ಟೆಯ ಗದ್ದಲ ಮುಗಿದ ಮೇಲೆ ವಿಜಿಯನ್ನು ನಮ್ಮ ಕಾಟಾದ ಮೇಲೆ ನಿಲ್ಲಿಸಿದೆ. ಐವತ್ತೊಂದು! ಒಂದೇ ದಿನದಲ್ಲಿ ಒಂದು ಕಿಲೊ ಮಾಯ! ನನ್ನ ಉಸ್ತುವಾರಿಯ ಪ್ರತಾಪ ನೋಡಿ ನನಗೇ ಹೆದರಿಕೆಯಾಯಿತು. ಮನೆಗೆ ಬಂದು ಸುದ್ದಿ ಹೇಳಿದರೆ ಬಾಳಮ್ಮ ಹುಬ್ಬು ಗಂಟಿಕ್ಕಿದಳು.

"ಒಂದ ದಿನದಾಗ ಒಂದ ಕಿಲೊ? ಅಕಿ ಚೂಡಿದಾರದ ಲಾಡಿ ನಿನ್ನೆ ಕಟ್ಟಿದಲ್ಲೇ ಕಟ್ಟಾಕತ್ತಾಳ. ಇದೆಂಥಾ ಇಳಿಯೂದ್ರಿ?"

"ಲಾಡಿ ಹಿಡದು ತೂಕ ಹೇಳಾಕ ನೀನೇನು ದರ್ಜಿ ಏನು?"

ಆ ವಾರ ನಮ್ಮ ಮನೆಯಲ್ಲಿ ನನ್ನದೇ ಸರ್ವಾಧಿಕಾರ. ಅನ್ನ ಬಂದ್, ತುಪ್ಪ ಬಂದ್, ಶೇಂಗಾ ಚಟ್ನಿ ಬಂದ್! ಬಾಳಮ್ಮ ಮಾತ್ರ ಜಹೀರ ಸರ್‌ಗೆ ಫೋನು ಹಚ್ಚಿ ಕೇಳಿ ಕೇಳಿ, ಹುಡುಗಿಗೆ ಎಷ್ಟು ಕೊಡಬೇಕೋ ಅಷ್ಟನ್ನು ಹೊತ್ತು ಹೊತ್ತಿಗೆ ಕೊಡುತ್ತಿದ್ದಳು. ಪಲ್ಯಕ್ಕೆ ಉಪ್ಪು ಕಡಿಮೆ ಮಾಡಿದಳು. ಅದು ಮಗಳಿಗಾಗಿ ಎಂದು ತಿಳಿಯದೆ ನಾನು ನಾಲ್ಕು ದಿನ ಸಪ್ಪೆ ಪಲ್ಯಕ್ಕೆ ಜಗಳ ತೆಗೆದೆ. ವಿಜಿ ಓಡಿದಳು, ಹಗ್ಗ ಜಿಗಿದಳು, ಕನ್ನಡಿ ಮುಂದೆ ಗಾಳಿಗೆ ಗುದ್ದಿದಳು. ಶನಿವಾರ ಮುಂಜಾನೆ ನಮ್ಮ ಕಾಟಾ ನಲವತ್ತೊಂಬತ್ತು ಕಿಲೊ ಆರುನೂರು ಗ್ರಾಂ ತೋರಿಸಿತು. ಐವತ್ತಕ್ಕೂ ನಾಲ್ಕುನೂರು ಕಡಿಮೆ! ನಾನು ಅಂಗಡಿಯವರಿಗೆಲ್ಲ ಚಹಾ ಕುಡಿಸಿದೆ.

ಅಂದೇ ವಿಜಯಪುರದ ಬಸ್ಸು ಹಿಡಿದು, ಅಲ್ಲಿಂದ ಬಾಗೇವಾಡಿ, ಅಲ್ಲಿಂದ ಇಂಗಳೇಶ್ವರ ಸೇರಿದೆವು. ಅದು ಬಾಳಮ್ಮಳ ತವರು. ಅತ್ತೆ ರಾಮವ್ವ ಮೊಮ್ಮಗಳು ಬರುತ್ತಾಳೆಂದು ಶೇಂಗಾ ಹೋಳಿಗೆ ಮಾಡಿ ಬುಟ್ಟಿ ತುಂಬಿಟ್ಟಿದ್ದರು.

"ಬ್ಯಾಡವ್ವ, ನಾಳೆ ತೂಕ ಆಗೂತನಕ ತಡಿ," ಎಂದಳು ಬಾಳಮ್ಮ.

"ಕೂಸು ಒಣಗಿ ಕಟಗಿ ಆಗೇತಿ, ಏನ್ ತಡೀತಿ?" ಅತ್ತೆಯ ಕಣ್ಣಲ್ಲಿ ನೀರು.

ಆಗ ನ್ಯಾಯ ಹೇಳಲು ನಾನು ಮುಂದೆ ಬಂದೆ. "ನಾಲ್ಕನೂರು ಗ್ರಾಂ ಇನ್ನೂ ನಮ್ಮ ಕೈಯಾಗ ಅದಾವು. ಒಂದ ಹೋಳಿಗಿ ಅಂದ್ರ ಎಂಬತ್ತ ಗ್ರಾಂ. ಎರಡ ತಿನ್ನಲಿ!"

ವಿಜಿ ತಾಯಿಯ ಮುಖ ನೋಡಿದಳು. ತಾಯಿ ನನ್ನ ಮುಖ ನೋಡಿದಳು. ನಾನು ಹೋಳಿಗೆಯ ಮೇಲೆ ತುಪ್ಪ ಹಾಕಿದೆ. ಅದರ ಮೇಲೆ ಅತ್ತೆ ಒಂದು ಲೋಟ ಹಾಲನ್ನೂ ಕುಡಿಸಿದರು.

ರವಿವಾರ ಮುಂಜಾನೆ ಏಳಕ್ಕೆ ಬಾಗೇವಾಡಿಯ ಒಂದು ಶಾಲೆಯಲ್ಲಿ ತೂಕ. ಹುಡುಗಿಯರ ನಿಜವಾದ ತೂಕ ಒಳಗಿನ ಕೋಣೆಯಲ್ಲಿ, ಹೆಣ್ಣುಮಕ್ಕಳು ಮಾತ್ರ. ಮೊದಲೇ ನೋಡಿಕೊಳ್ಳಲಿ ಎಂದು ಅಂಥದ್ದೇ ಇನ್ನೊಂದು ಕಾಟಾವನ್ನು ವರಾಂಡದಲ್ಲಿ ಇಟ್ಟಿದ್ದರು. ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮಗಳನ್ನು ಮೆರವಣಿಗೆಯಲ್ಲಿ ತಂದಂತೆ ತಂದು ಅದರ ಮೇಲೆ ನಿಲ್ಲಿಸಿದೆ.

ಐವತ್ತು ಕಿಲೊ ಒಂಬೈನೂರು ಗ್ರಾಂ!

"ಈ ಕಾಟಾ ಕೆಟ್ಟೈತಿ!" ಎಂದು ಗುಡುಗಿದೆ.

ಅಲ್ಲಿ ರಿಜಿಸ್ಟರು ಹಿಡಿದು ಕುಳಿತಿದ್ದ ಮೇಡಂ ತಲೆಯೆತ್ತಿ ನೋಡಿದರು. "ನೀವು ಯಾರ್ರೀ?"

"ಇಪ್ಪತ್ತೆರಡು ವರ್ಷದಿಂದ ತೂಗಾಂವ! ಶಂಕರೆಪ್ಪ ಅಂತಾರ. ಇಂಡ್ಯಾಗ ಯಾರಿಗಿ ಬೇಕಾದ್ರೂ ಕೇಳ್ರಿ!"

"ಹಂಗಾದ್ರ ನೀವಽ ಒಮ್ಮೆ ಏರಿ ನೋಡ್ರೆಲಾ."

ಏರಿದೆ. ಜನ ಸೇರಿತು. ಹಿಂದಿನ ದಿನ ನಮ್ಮ ಕಾಟಾದ ಮೇಲೆ ನಾನೂ ಹತ್ತಿ ನೋಡಿದ್ದೆ, ಎಪ್ಪತ್ತೆಂಟು ಇದ್ದೆ. ಇಲ್ಲಿ ಎಪ್ಪತ್ತೊಂಬತ್ತು! "ನೋಡ್ರಿ, ನನಗೂ ಒಂದ ಕಿಲೊ ಹೆಚ್ಚ ತೋರಿಸ್ತೈತಿ! ಮೋಸ!" ಎಂದು ಕೂಗಿದೆ. ಮೇಡಂ ಮರುಮಾತಾಡದೆ ಒಳಗಿನಿಂದ ಹತ್ತು ಕಿಲೊದ ಕಬ್ಬಿಣದ ತೂಕದ ಕಲ್ಲು ತರಿಸಿ ಇಟ್ಟರು. ಕಾಟಾ ಹತ್ತು ಎಂದಿತು. ಹತ್ತೇ, ಒಂದು ಗ್ರಾಂ ಆಚೆ ಈಚೆ ಇಲ್ಲ!

ಜಹೀರ ಸರ್ ನನ್ನ ಹೆಗಲ ಮೇಲೆ ಕೈಯಿಟ್ಟು ಮೆತ್ತಗೆ ಕೇಳಿದರು. "ಶಂಕರೆಪ್ಪನವರ, ಸರಿಯಾಗಿ ಒಂದ ಕಿಲೊ ಫರಕ ಬಂದೈತಿ. ನೀವು ಮಾರ್ಕೆಟ್ಟಿನ್ಯಾಗ ಒಂದ ಕಿಲೊ ಏನರ ಕಳೀತೀರೇನ್ರಿ?"

ಕಳೆಯುತ್ತೇವೆ! ದಿನಾ ಮುಂಜಾನೆ ಖಾಲಿ ಗೋಣಿಚೀಲವನ್ನು ಕಾಟಾದ ಮೇಲಿಟ್ಟು ಸೊನ್ನೆಗೆ ತರುವುದು ನನ್ನ ಮೊದಲ ಕೆಲಸ. ಮುಂದೆ ತುಂಬಿದ ಚೀಲ ಬಂದರೆ ಚೀಲದ ಒಂದು ಕಿಲೊ ತಾನೇ ಹೋಗಿ ಕಾಳಿನ ತೂಕ ಮಾತ್ರ ಉಳಿಯುತ್ತದೆ. ಏನೂ ಇಡದಿದ್ದಾಗ ಕಾಟಾ ಮೈನಸ್ ಒಂದು ಎಂದು ತೋರಿಸುತ್ತ ನಿಂತಿರುತ್ತದೆ. ನೋಡಿ ನೋಡಿ ನನ್ನ ಕಣ್ಣಿಗೆ ಆ ಮೈನಸ್ ಒಂದೇ ಸೊನ್ನೆಯಾಗಿಬಿಟ್ಟಿದೆ! ಅದರ ಮೇಲೆಯೇ ವಿಜಿಯನ್ನು ನಿಲ್ಲಿಸಿದ್ದೆ, ನಾನೂ ನಿಂತಿದ್ದೆ.

ಹೇಗೋ ಬಾಯಿ ಬಿಟ್ಟು ಹೇಳಿದೆ. ಬಾಳಮ್ಮ ಸೊಂಟದ ಮೇಲೆ ಕೈಯಿಟ್ಟು ನನ್ನೆದುರು ಬಂದು ನಿಂತಳು.

"ಅಂದ್ರ, ಮಗಳ ತೂಕದಾಗ ಚೀಲಾ ಕಳದೀರಿ?"

ವರಾಂಡವೆಲ್ಲ ನಕ್ಕಿತು. ಮೇಡಂ ಕೂಡ ರಿಜಿಸ್ಟರು ಅಡ್ಡ ಹಿಡಿದು ನಕ್ಕರು. ನಗದೇ ಇದ್ದವಳು ವಿಜಿ ಒಬ್ಬಳೇ. ಅವಳು ಗೋಡೆಗೆ ಒರಗಿ ಕುಳಿತು ಗ್ಲೌಸುಗಳನ್ನು ಬ್ಯಾಗಿಗೆ ತುಂಬತೊಡಗಿದಳು.

"ಅಪ್ಪಾ, ವಾರದಿಂದ ನೀರ ಸುದ್ದಾ ಅಳದ ಕುಡದೇನಿ. ನಿನ್ನೆ ಹೋಳಿಗಿ ಬ್ಯಾಡಾಗಿತ್ತು ನನಗ. ನೀ ಹೇಳ್ದಿ ಅಂತ ತಿಂದ್ನಿ," ಎಂದಳು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ. ಇಪ್ಪತ್ತೆರಡು ವರ್ಷದ ಮರ್ಯಾದೆ ಅಲ್ಲೇ ಕುಸಿದುಬಿತ್ತು. ನನಗೆ ನಿಜಕ್ಕೂ ಅಳು ಬಂತು.

"ಸರ್, ಎಷ್ಟ ಹೊತ್ತ ಐತ್ರಿ?" ಬಾಳಮ್ಮಳ ದನಿ.

"ಎಂಟೂವರೆ ತನಕ. ಒಂದ ತಾಸು ಹತ್ತ ನಿಮಿಷ. ಕಡೇ ಗಳಿಗ್ಯಾಗ ಹಿಂಗ ಇಳಸೂದು ನನಗ ಬಿಲಕುಲ್ ಸೇರೂದಿಲ್ರಿ. ಅದಕ್ಕಽ ಒಂದ ವಾರ ಮೊದಲ ಹೇಳಿದ್ನಿ. ಓಡಲಿ, ನಾ ಕೂಡಽ ಇರ್ತೇನಿ. ಆದ್ರ ತಲಿ ತಿರುಗ್ತು ಅಂದ್ರ ಅಲ್ಲಿಗೇ ಬಂದ್. ರಾಜ್ಯ ಶಿಬಿರ ಮುಂದಿನ ವರ್ಷಾನೂ ಬರ್ತೈತಿ."

ಬಾಳಮ್ಮ ಮಗಳನ್ನು ಎಬ್ಬಿಸಿದಳು. ಎರಡು ಸ್ವೆಟರು ಹಾಕಿಸಿ, ಮೇಲೆ ತಾನು ಹೊದ್ದು ಬಂದಿದ್ದ ಶಾಲು ಸುತ್ತಿದಳು. ಆಮೇಲೆ ಸೀರೆಯ ಕಚ್ಚೆ ಹಾಕಿ, ಸೆರಗು ಬಿಗಿದು, ಚಪ್ಪಲಿ ಕಳಚಿ ಮೈದಾನಕ್ಕೆ ಇಳಿದಳು. ಮಗಳ ಜೊತೆ ತಾನೂ ಓಡತೊಡಗಿದಳು! ಮದುವೆಯಾದ ಇಪ್ಪತ್ತು ವರ್ಷದಲ್ಲಿ ಅವಳು ಬಸ್ಸಿಗೂ ಓಡಿದ್ದನ್ನು ನಾನು ಕಂಡಿಲ್ಲ.

ಓಡುತ್ತ ಸುಮ್ಮನಿದ್ದಳೆಂದುಕೊಂಡಿರಾ? ಮೊದಲ ಸುತ್ತಿನಲ್ಲಿ ನನ್ನ ಕಾಟಾಕ್ಕೆ ಬೈದಳು. ಎರಡನೆಯ ಸುತ್ತಿನಲ್ಲಿ ನನಗೆ. ಮೂರನೆಯ ಸುತ್ತಿನಲ್ಲಿ, ನನ್ನನ್ನು ಹುಡುಕಿ ತಂದ ತನ್ನ ಅಪ್ಪನಿಗೆ! "ಗಂಡ ಅಂದ್ರ ಭಾರಿ ತೂಕದ ಮನಶ್ಯಾ ಅಂತ ಹೇಳಿ ಕೊಟ್ಟಾನ! ತೂಕ ಅಲ್ಲ, ಬರೇ ಚೀಲ ಅದು!" ವಿಜಿ ಮೊದಲು ಮುಖ ಗಂಟಿಕ್ಕಿದ್ದಳು. ಆಮೇಲೆ ತುಟಿ ಬಿಗಿಹಿಡಿದಳು. ನಾಲ್ಕನೆಯ ಸುತ್ತಿಗೆ ಕಿಸಕ್ಕನೆ ನಕ್ಕಳು. ನಗುತ್ತ ಓಡಿದಳು, ಓಡುತ್ತ ಬೆವರಿದಳು. ನನಗೆ ಬಿದ್ದ ಬೈಗುಳದ ಒಂದೊಂದು ಸುತ್ತಿಗೂ ನೂರು ಗ್ರಾಂ ಇಳಿಯುತ್ತಿದ್ದರೆ ಇನ್ನೂ ನಾಲ್ಕು ಬೈಯಲಿ ದೇವರೇ ಎಂದು ನಾನು ಪ್ರಾರ್ಥಿಸಿದೆ! ನಾನೂ ಹಿಂದೆ ಓಡಿದೆ. ಒಂದೂವರೆ ಸುತ್ತಿಗೆ ಮೀನಖಂಡ ಹಿಡಿದುಕೊಂಡು ಬೇವಿನ ಗಿಡದ ಕೆಳಗೆ ಕುಕ್ಕರಿಸಿದೆ.

ಎಂಟೂ ಇಪ್ಪತ್ತಕ್ಕೆ ವರಾಂಡದ ಕಾಟಾ ಐವತ್ತು ಕಿಲೊ ನೂರು ಗ್ರಾಂ ತೋರಿಸಿತು. ಇನ್ನು ಹತ್ತೇ ನಿಮಿಷ. ವಿಜಿಯ ಮೈಯಲ್ಲಿ ಬೆವರು ನಿಂತುಹೋಗಿತ್ತು.

"ಓಡೂದು ಸಾಕು," ಎಂದರು ಸರ್. "ಬಾಯಾಗ ನೀರ ಬಂದ್ರ ಉಗುಳಲಿ. ಅದೂ ತೂಕಾನಽ."

ಬಾಯಲ್ಲಿ ನೀರು! ಅತ್ತೆಗೆಂದು ಇಂಡಿಯಿಂದ ತಂದಿದ್ದ ಲಿಂಬೆಹಣ್ಣು ಇನ್ನೂ ನನ್ನ ಕೈಚೀಲದಲ್ಲೇ ಇದ್ದವು. ಕುಂಟುತ್ತ ಹೋಗಿ ಮಗಳ ಎದುರು ಕುಳಿತೆ. ಒಂದು ಹಣ್ಣು ಕಚ್ಚಿ ಚೀಪಿದೆ. ನಮ್ಮ ಇಂಡಿಯ ಲಿಂಬೆಯ ಹುಳಿ ಎಂದರೆ ಕೇಳಬೇಕೇ! ನನ್ನ ಮುಖ ಎಂಟು ಕಡೆ ಸೊಟ್ಟಗಾಯಿತು, ಕಿವಿ ಅಲ್ಲಾಡಿತು. ಎರಡನೆಯದು ಕಚ್ಚಿದೆ. ನೋಡಿ ನೋಡಿ ಬಾಯಲ್ಲಿ ನೀರೂರಿದ ವಿಜಿ ಪಕ್ಕದ ಬಕೆಟ್ಟಿಗೆ ಉಗುಳಿದಳು. ಮೂರನೆಯದು, ನಾಲ್ಕನೆಯದು! ಅವಳು ನಗುತ್ತ ಉಗುಳುತ್ತಿದ್ದಳು, ನಾನು ಅಳುತ್ತ ಚೀಪುತ್ತಿದ್ದೆ. ಬಾಳಮ್ಮ ಅವಳ ಜಡೆಯ ಪಿನ್ನು, ಕಿವಿಯ ಓಲೆ, ಸೊಂಟದ ದಾರ ಎಲ್ಲ ತೆಗೆದು ಒಳಗೆ ಕರೆದೊಯ್ದಳು.

ಬಾಗಿಲು ಮುಚ್ಚಿತು. ನಾನು ಬಾಗಿಲಿಗೆ ಕಿವಿ ಹಚ್ಚಿ ನಿಂತೆ. ಇಪ್ಪತ್ತೆರಡು ವರ್ಷದಲ್ಲಿ ಎಷ್ಟೋ ಚೀಲ ತೂಗಿದ್ದೇನೆ, ಯಾವ ತೂಕಕ್ಕೂ ಕೈ ಮುಗಿದಿರಲಿಲ್ಲ.

"ಐವತ್ತು!" ಒಳಗಿನಿಂದ ಬಾಳಮ್ಮ ಚೀರಿದಳು. "ಐವತ್ತಂದ್ರ ಐವತ್ತಽ!"

ಪಂದ್ಯ ಇದ್ದದ್ದು ಸಂಜೆ ಐದಕ್ಕೆ. ಕಳೆದದ್ದನ್ನು ಮತ್ತೆ ತುಂಬಿಕೊಳ್ಳಲು ಇಡೀ ದಿನವಿತ್ತು. ಹುಮ್ಮಸ್ಸಿನಲ್ಲಿ ನಾನು ಪೇಟೆಗೆ ಓಡಿ ಮಿರ್ಚಿ ಭಜಿ, ಜಿಲೇಬಿ ಕಟ್ಟಿಸಿಕೊಂಡು ಬಂದೆ. ಬಾಳಮ್ಮ ಪೊಟ್ಟಣ ಕಸಿದುಕೊಂಡು ನನ್ನ ಕೈಗೇ ವಾಪಸ್ಸು ಕೊಟ್ಟಳು. "ಆ ಕಡೆ ಹೋಗಿ ನೀವಽ ತಿನ್ರಿ. ಇಕಡೆ ಬರಬ್ಯಾಡ್ರಿ."

ಅವಳು ಉಪ್ಪು ಸಕ್ಕರೆ ಹಾಕಿದ ಲಿಂಬೆ ಶರಬತ್ತನ್ನು ಗುಟುಕು ಗುಟುಕಾಗಿ ಕುಡಿಸಿದಳು. ಆಮೇಲೆ ಗಂಜಿ. ಆಮೇಲೆ ಬಾಳೆಹಣ್ಣು. ಮಲಗಿಸಿ ಎಬ್ಬಿಸಿ ಮೊಸರನ್ನ. ಗಳಿಗೆಗೊಮ್ಮೆ ಸರ್‌ಗೆ ಕೇಳುವುದು, ಸ್ವಲ್ಪ ಸ್ವಲ್ಪ ಕೊಡುವುದು. ವಿಜಿಯ ಮುಖಕ್ಕೆ ಕಳೆ ಬಂತು. ನಾಲ್ಕೂವರೆಗೆ ಸರ್ ಮತ್ತೆ ತೂಗಿ ನೋಡಿದರು. ಐವತ್ತೊಂದೂವರೆ!

ನನಗೆ ಸಿಟ್ಟು ಬಂತು. "ಈಗ ಒಂದೂವರೆ ಹೆಚ್ಚಾದ್ರೂ ಯಾರೂ ಕೇಳಂಗಿಲ್ಲೇನ್ರಿ? ಹಂಗಾದ್ರ ಒಂದ ಕಿಲೊಕ್ಕ ನನ್ನ ಮಾನಾ ಯಾಕ ತಗದ್ರಿ?"

ಸರ್ ನಕ್ಕರು. "ಮುಂಜಾನಿ ನೋಡೂದು ತೂಕ, ಶಂಕರೆಪ್ಪನವರ. ಸಂಜೀಗೆ ಬೇಕಾಗೂದು ತಾಕತ್ತು."

ಎದುರಾಳಿ ನಮ್ಮ ಹುಡುಗಿಗಿಂತ ಒಂದು ಗೇಣು ಎತ್ತರ. ಮೊದಲ ಸುತ್ತು ಅವಳದ್ದು. ಎರಡನೆಯದು ಸಮಸಮ. ಮೂರನೆಯ ಸುತ್ತಿಗೆ ಆ ಹುಡುಗಿಯ ಕೈ ಇಳಿಯಿತು, ಪಾಪ, ಅವಳೂ ಮುಂಜಾನೆ ಎಷ್ಟು ಓಡಿದ್ದಳೋ. ವಿಜಿಯ ಕೈ ಇಳಿಯಲಿಲ್ಲ. ಬಾಳಮ್ಮ ಗುಟುಕು ಗುಟುಕಾಗಿ ತುಂಬಿದ್ದೆಲ್ಲ ಆಗ ಹೊರಗೆ ಬಂತು! ರೆಫರಿ ನಮ್ಮ ಮಗಳ ಕೈ ಎತ್ತಿದಾಗ ನಾನು ಜಹೀರ ಸರ್ ಕಾಲಿಗೆ ಬೀಳಲು ಹೋದೆ. ಅವರು ಹಿಡಿದೆತ್ತಿ, "ನನಗ್ಯಾಕ್ರಿ? ಅಲ್ಲಿ ನೋಡ್ರಿ," ಎಂದು ಬಾಳಮ್ಮಳ ಕಡೆ ಕೈ ತೋರಿಸಿದರು. ಅವಳು ರಿಂಗಿನ ಹಗ್ಗ ಹಿಡಿದು ನಿಂತಿದ್ದಳು. ಬರಿಗಾಲಿನ ತುಂಬ ಮೈದಾನದ ಮಣ್ಣು, ಹೆಬ್ಬೆರಳಿಗೆ ಗಾಯ. ಬೆಳಗಿನಿಂದ ಅವಳು ಒಂದು ತುತ್ತೂ ಉಂಡಿರಲಿಲ್ಲ ಎಂಬುದು ಆಗ ನೆನಪಾಯಿತು. ನನ್ನ ತಪ್ಪಿಗೆ ಅವಳು ಓಡಿದಳು, ನನ್ನ ಮಗಳಿಗೆ ಒಂದು ವರ್ಷ ಉಳಿಸಿಕೊಟ್ಟಳು. ಆ ಋಣ ನನ್ನಿಂದ ತೀರುವಂಥದ್ದಲ್ಲ. ಅಷ್ಟು ಜನರ ನಡುವೆ ನಾನು ಅವಳಿಗೆ ಕೈ ಮುಗಿದೆ.

"ಥೂ, ಮಂದಿ ನೋಡ್ತಾರ, ಕೈ ಬಿಡ್ರಿ," ಎಂದಳು. ಆದರೆ ನಕ್ಕಳು.

ಇಂಗಳೇಶ್ವರಕ್ಕೆ ವಾಪಸ್ಸು ಬಂದಾಗ ಅತ್ತೆಯ ಮನೆಯ ತುಂಬ ಓಣಿಯ ಜನ. ರಾಮವ್ವ ಮೊಮ್ಮಗಳ ದೃಷ್ಟಿ ತೆಗೆದು, ಕೊರಳಿನ ಪದಕವನ್ನು ಅಂಗೈಯಲ್ಲಿಟ್ಟು ಮೇಲೆ ಕೆಳಗೆ ಆಡಿಸಿ ನೋಡಿದರು. ಆಮೇಲೆ ಅಭಿಮಾನದಿಂದ ನನ್ನ ಕಡೆ ತಿರುಗಿದರು.

"ಅಳಿಯಂದ್ರ, ನೀವು ತಿಳದವರು. ಇದು ಎಷ್ಟ ತೂಕ ಇದ್ದೀತ್ರಿ?"

ವಿಜಿ ತುಟಿ ಕಚ್ಚಿ ಹಿಡಿದಳು. ಎಲ್ಲರ ಕಣ್ಣೂ ನನ್ನ ಮೇಲೆ. ನಾನು ಗಂಟಲು ಸರಿಮಾಡಿಕೊಂಡು ಬಹಳ ವಿನಯದಿಂದ ಹೇಳಿದೆ:

"ಅದನ್ನ ನಿಮ್ಮ ಮಗಳಿಗಿ ಕೇಳ್ರಿ ಅತ್ತಿ."