ಕೈಯಾರೆ ತೊಳೆದ ಗಾಡಿ

ಲಗಮಣ್ಣನ ಫಿಯಾಟ್ ಗಾಡಿಯ ನಿಜವಾದ ಬಣ್ಣ ಯಾವುದೆಂಬುದು ಸದಲಗಾದ ಆ ಓಣಿಯಲ್ಲಿ ಬಹಳ ದಿನಗಳಿಂದ ತೀರ್ಮಾನವಾಗದೆ ಉಳಿದ ಸಂಗತಿಯಾಗಿತ್ತು. ಕೊಂಡಾಗ ಬಿಳಿ ಇತ್ತೆಂದು ಲಗಮಣ್ಣ ಹೇಳುತ್ತಿದ್ದ. ಅದನ್ನು ನಂಬುವವನು ಅವನೊಬ್ಬನೇ. ದಿನಾ ಮುಂಜಾನೆ ಆ ಗಾಡಿ ಅವನನ್ನು ಚಿಕ್ಕೋಡಿಯಲ್ಲಿದ್ದ ಅವನ ಗೊಬ್ಬರದ ಅಂಗಡಿಗೆ ಒಯ್ಯುತ್ತಿತ್ತು, ಸಂಜೆ ಮನೆಗೆ ತರುತ್ತಿತ್ತು. ಹಿಂದಿನ ಸೀಟಿನಲ್ಲಿ ಗೊಬ್ಬರದ ಚೀಲ, ಬೀಜದ ಕಬ್ಬಿನ ಹೊರೆ, ಒಮ್ಮೆ ಒಂದು ಹೋತ ಕೂಡ ಪ್ರಯಾಣ ಮಾಡಿದ್ದವು. ಹೊರಗೆ ಕೆಸರಿನ ಮೇಲೆ ಧೂಳು, ಧೂಳಿನ ಮೇಲೆ ಮತ್ತೆ ಕೆಸರು ಕೂತು ಗಾಡಿ ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತಿತ್ತು.

ಹೋತ ಕೂತಿದ್ದ ಜಾಗದಲ್ಲಿ ಹೊಸ ರೇಷ್ಮೆ ಸೀರೆ ಉಟ್ಟು ಕೂತ ದಿನ ಹೆಂಡತಿ ತಾರವ್ವ ಓಣಿಯವರೆಲ್ಲ ಕೇಳುವಂತೆ ಒಂದು ಮಾತು ಹೇಳಿದ್ದಳು. "ನೀವ ನಿಮ್ಮ ಕೈಯಾರೆ ಗಾಡಿ ತೊಳಿಯೂತನಕ ನಾ ಅದರಾಗ ಕಾಲ ಇಡೂದಿಲ್ಲ. ತೊಳದ ದಿನಾ ಅದರಾಗ ಕುಂತ ತವರಮನಿಗೆ ಹೋಗತೀನಿ." ಗಾಡಿ ತೊಳೆಯುವುದಕ್ಕಾಗಿ ತಾನು ಗಾಡಿ ತಂದಿಲ್ಲವೆಂದು ಲಗಮಣ್ಣನೂ ಅಷ್ಟೇ ಜೋರಾಗಿ ಹೇಳಿದ್ದ. ಅಂದಿನಿಂದ ತಾರವ್ವ ಬಸ್ಸಿಗೆ ಹೋಗುತ್ತಿದ್ದಳು. ಅವಳ ಬಸ್ಸಿನ ಹಿಂದೆಯೇ ಅವನು ಒಬ್ಬನೇ ಗಾಡಿ ಓಡಿಸಿಕೊಂಡು ಹೋಗುವುದನ್ನು ಊರು ನೋಡುತ್ತಿತ್ತು. ಅವನಿಗೂ ಅದು ಚಲೋ ಅನಿಸುತ್ತಿರಲಿಲ್ಲ. ಆದರೆ ಹಟ ಬಿಡುವುದು ಅವನ ಜಾಯಮಾನದಲ್ಲಿ ಇರಲಿಲ್ಲ.

ಹಟವೇ ಅವನಿಗೆ ಈ ಗಾಡಿಯನ್ನೂ ಕೊಡಿಸಿದ್ದು. ತಾರವ್ವನ ತಮ್ಮ ಜ್ಞಾನದೇವ ನಿಪ್ಪಾಣಿಯಲ್ಲಿ ತಂಬಾಕಿನ ವ್ಯಾಪಾರಿ. ಅವನು ಬಿಳಿ ಫಿಯಾಟ್ ತಂದ ಸುದ್ದಿ ಕೇಳಿದ ತಿಂಗಳಲ್ಲೇ ಲಗಮಣ್ಣನೂ ಬಿಳಿ ಫಿಯಾಟನ್ನೇ ಹುಡುಕಿ ತಂದಿದ್ದ.

ಆ ಜ್ಞಾನದೇವ ಶನಿವಾರ ಅಲಖನೂರಿನ ಮದುವೆಯ ಊಟದ ಪಂಕ್ತಿಯಲ್ಲಿ ಎದುರಿಗೆ ಕೂತು ಭಾವನನ್ನು ಕೇಳಿದ, "ದಾಜೀ, ಅಕ್ಕ ಬರಲಿಲ್ಲಲ್ಲಾ. ಗಾಡ್ಯಾಗ ಕೆಸರಿಗೆ ಜಾಗಾ ಆತು, ಅಕ್ಕಗ ಆಗಲಿಲ್ಲೇನು?"

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಲಗಮಣ್ಣ ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟ. ಅಲ್ಲೇ ನಿರ್ಧಾರ ಮಾಡಿದ. ನಾಳೆಯೇ ಗಾಡಿ ತೊಳೆಯಬೇಕು, ತಾರವ್ವನನ್ನು ಮುಂದಿನ ಸೀಟಿನಲ್ಲಿ ಕೂಡ್ರಿಸಿಕೊಂಡು ನಿಪ್ಪಾಣಿಗೆ ಹೋಗಬೇಕು, ಈ ಮಗನ ಬಾಗಿಲ ಮುಂದೆಯೇ ನಿಲ್ಲಿಸಿ ಹಾರ್ನ್ ಹೊಡೆಯಬೇಕು. ಕೈ ತೊಳೆಯುವಷ್ಟರಲ್ಲಿ ಗುಡುಗು ಸಹಿತ ಮಳೆ ಬಂತು. ಮೆರವಣಿಗೆಗೆ ಅಡ್ಡಿಯಾಗುತ್ತದೆಂದು ಬೀಗರ ಕಡೆಯವರು ಎಲ್ಲರ ಗಾಡಿಗಳನ್ನೂ ಪಕ್ಕದ ಹೊಲಕ್ಕೆ ಸರಿಸಿ, ಚಾವಿಗಳನ್ನು ಅವುಗಳಲ್ಲೇ ಬಿಡಿಸಿದ್ದರು. ಲಗಮಣ್ಣ ತಲೆಯ ಮೇಲೆ ಟವೆಲ್ಲು ಹೊದ್ದು ಕೆಸರಿನಲ್ಲಿ ಓಡಿ, ಗಾಡಿಯೊಳಗೆ ನುಗ್ಗಿ ಹೊರಟುಬಿಟ್ಟ. ಸದಲಗಾ ಮುಟ್ಟುವವರೆಗೂ ಇಂಜಿನ್ ಒಮ್ಮೆಯೂ ಕೆಮ್ಮಲಿಲ್ಲ. ತನ್ನ ಸಿಟ್ಟಿಗೆ ಗಾಡಿಯೂ ಹೆದರಿದೆ ಎಂದುಕೊಂಡ.

ರವಿವಾರ ಮುಂಜಾನೆ ಧೋತರ ಎತ್ತಿ ಕಟ್ಟಿ, ಬಕೆಟ್ಟು, ಅರಿವೆಯ ಸಾಬೂನು, ಹುಲ್ಲಿನ ಸಿವುಡು ಹಿಡಿದು ಅಂಗಳಕ್ಕೆ ಬಂದ. ನಿನ್ನೆಯ ಕೆಸರು ಗಾಡಿಯ ಮೈಮೇಲೆ ಗಿಲಾವು ಮಾಡಿದಂತೆ ಒಣಗಿತ್ತು. ಎದುರು ಮನೆಯ ಬಾಳಾಸಾಬ ಸಂಗತಿ ಏನೆಂದು ಕೇಳಿ ತಿಳಿದುಕೊಂಡು, ಒಳಗೆ ಹೋಗಿ ಹೊರಸನ್ನೇ ಎತ್ತಿಕೊಂಡು ಬಂದು ಬೇವಿನ ನೆರಳಿಗೆ ಹಾಕಿ ಕೂತ. ಇಂಥದ್ದನ್ನು ನಿಂತು ನೋಡಿದರೆ ಕಾಲು ನೋಯುತ್ತವೆ ಎಂದ.

ತಾರವ್ವ ಚಹಾ ತಂದಳು. ಗಾಡಿಯ ಮುಂದೆ ಹಾಯ್ದು ಬರುವಾಗ ತಟ್ಟನೆ ನಿಂತು ಬಗ್ಗಿ ಏನನ್ನೋ ನೋಡಿದಳು. "ರೀ, ಒಂದ ಮಾತ ಹೇಳೂದಿತ್ತು," ಎಂದಳು.

"ಇವತ್ತ ಯಾರ ಮಾತೂ ಬ್ಯಾಡ. ನನ್ನ ಗಾಡಿ ನನಗ ಗೊತ್ತೈತಿ. ತೊಳದ ಮ್ಯಾಲ ಏನ ಹೇಳತಿ ಹೇಳ."

ತಾರವ್ವ ಗಂಡನ ಮುಖವನ್ನೊಮ್ಮೆ, ಗಾಡಿಯನ್ನೊಮ್ಮೆ ನೋಡಿದಳು. ಸೆರಗಿನ ಮರೆಯಲ್ಲಿ ನಕ್ಕಂತೆ ಕಂಡಿತು. ಆಗಲಿ ಎಂದು ಒಳಗೆ ಹೋದಳು.

ತೊಳೆಯುವುದಾದರೆ ಮೇಲಿನಿಂದ ಕೆಳಗೆ ತೊಳೆಯಬೇಕು ಎಂಬುದು ಲಗಮಣ್ಣನ ಮೊದಲ ಹುಕುಂ. ಗಾಡಿಯ ಮಾಡಿನ ಮೇಲೆ ನೀರು ಸುರಿದ. ಎರಡು ಬಕೆಟ್ಟು ಬೀಳುವಷ್ಟರಲ್ಲಿ ಕೆಸರು ಕರಗಿ ಕೆಳಗಿಳಿದು ಬಿಳಿ ಬಣ್ಣ ಕಾಣಿಸಿತು. ಬಾಳಾಸಾಬ ಹೊರಸಿನ ಮೇಲೆ ನೆಟ್ಟಗೆ ಕೂತ. ಇಷ್ಟು ವರ್ಷದ ಹೊಲಸು ಇಷ್ಟು ಲಗೂ ಹೋಯಿತೇ ಎಂದು ಅವನಿಗೆ ಅನುಮಾನ. ಕೈ ಬಿದ್ದರೆ ಎಲ್ಲ ಹೋಗುತ್ತದೆ ಎಂದ ಲಗಮಣ್ಣ. ಎಡಗಡೆ ಬಾಗಿಲಿಗೆ ಹೋರಿ ಹಾಯ್ದು ನೆಗ್ಗಿತ್ತಲ್ಲ, ಆ ನೆಗ್ಗು ಎಲ್ಲಿ ಎಂದು ಬಾಳಾಸಾಬ ಮತ್ತೆ ಕೇಳಿದ. ಲಗಮಣ್ಣ ಬಾಗಿಲ ಮೇಲೆ ಕೈಯಾಡಿಸಿದ. ಎಲ್ಲೂ ನೆಗ್ಗಿರಲಿಲ್ಲ.

"ಅದ ನೆಗ್ಗ ಅಲ್ಲ, ಕೆಸರ ಹಂಗ ಕುಂತಿತ್ತ," ಎಂದು ಅವನು ಹೇಳಿದ ಧಾಟಿಗೆ ಬಾಳಾಸಾಬ ಮತ್ತೆ ಹೊರಸಿಗೆ ಒರಗಿದ.

ಅಷ್ಟರಲ್ಲಿ ಸಾಬೂನಿನ ನೀರು ಅಂಗಳ ದಾಟಿ, ಆಗತಾನೇ ಸಾರಿಸಿ ರಂಗೋಲಿ ಹಾಕಿದ್ದ ಪಕ್ಕದ ಮನೆಯ ರುಕ್ಮವ್ವಾಯಿಯ ಬಾಗಿಲಿಗೆ ಹೋಯಿತು. ಮುದುಕಿ ಕಸಬರಿಗೆ ಹಿಡಿದೇ ಬಂದು, ಗಾಡಿ ತೊಳೆಯುವವರು ಹೊಳೆಗೆ ಹೋಗಬೇಕೆಂದು ಅವನ ಹಿಂದಿನ ಮೂರು ತಲೆಮಾರನ್ನು ನೆನೆದಳು. ಲಗಮಣ್ಣ ಸೋಲಲಿಲ್ಲ. ಗುದ್ದಲಿ ತಂದು ಒಡ್ಡು ಹಾಕಿದ. ನೀರು ತಿರುಗಿ ಆಚೆ ಮನೆಯ ಭರಮುನ ದನದ ಕೊಟ್ಟಿಗೆಯತ್ತ ನಡೆಯಿತು. ತಂಪು ಹತ್ತಿದ್ದೇ ತಡ ಭರಮುನ ಎಮ್ಮೆ ಗೂಟ ಕಿತ್ತುಕೊಂಡು ನೀರು ಬಂದ ದಾರಿ ಹಿಡಿದು ಬಂದು, ನೊರೆ ತುಂಬಿದ ಗಾಡಿಗೆ ಹಾಯಾಗಿ ಮೈ ತಿಕ್ಕತೊಡಗಿತು. ಸಗಣಿ ಮೆತ್ತಿದ ಅದರ ಪಕ್ಕೆ ಮೇಲೆ ಕೆಳಗೆ ಆಡಿದಂತೆ ಬಿಳಿ ಬಾಗಿಲು ಹಸಿರಾಯಿತು. ಭರಮು ಓಡಿ ಬಂದು ಎಮ್ಮೆಯನ್ನು ಬೈಯುವ ಬದಲು ಅದಕ್ಕೆ ಈ ಗಾಡಿ ಒಗ್ಗಿದೆ ಎಂದು ಸಂತೋಷಪಟ್ಟ. ಲಗಮಣ್ಣ ಮೊದಲಿನಿಂದ ಮತ್ತೆ ತೊಳೆದ.

ಒಳಗೆ ಗುಡಿಸಲು ಹೋದವನಿಗೆ ಗೊಬ್ಬರದ ವಾಸನೆಯೇ ಬರಲಿಲ್ಲ, ಊದಿನಕಡ್ಡಿಯ ವಾಸನೆ ಬಂತು. ಒಂದೇ ಮಳೆಗೆ ಇಷ್ಟು ಶುದ್ಧವಾಯಿತೇ ಎಂದು ಅವನಿಗೇ ಆಶ್ಚರ್ಯವಾಯಿತು. ಮುಂದೆ ಬಂದು ಬಂಪರಿನ ಕೆಳಗೆ ಕೈ ಹಾಕಿದಾಗ ಬೆರಳಿಗೆ ಏನೋ ಸಿಕ್ಕಿತು. ಬಗ್ಗಿ ನೋಡಿದ. ಒಂದು ಕರಿ ದಾರ. ಅದರಲ್ಲಿ ಪೋಣಿಸಿದ ಒಂದು ಕವಡೆ, ನಡುವೆ ತಾರವ್ವ ಹಾಕುವಂಥದ್ದೇ ಮೂರು ಗಂಟು.

ಲಗಮಣ್ಣ ಅಲ್ಲೇ ಕುಕ್ಕುರುಗಾಲಿನಲ್ಲಿ ಕೂತ. ಹೊರಗೆ ಇಷ್ಟು ಹಟ ಮಾಡುವ ಹೆಣ್ಣು, ಬಸ್ಸಿಗೆ ಹೋಗುವ ಹೆಣ್ಣು, ತನಗೆ ಗೊತ್ತಾಗದಂತೆ ಬಂದು ತನ್ನ ಗಾಡಿಗೆ ದೃಷ್ಟಿಯ ದಾರ ಕಟ್ಟಿ ಹೋಗಿದ್ದಾಳೆ. ದಿನಾ ಚಿಕ್ಕೋಡಿಯ ರಸ್ತೆಯಲ್ಲಿ ಗಂಡನಿಗೆ ಏನೂ ಆಗದಿರಲೆಂದು ಬೇಡಿಕೊಂಡಿದ್ದಾಳೆ. ಅವನ ಕಣ್ಣು ತುಂಬಿ ಬಂದವು. ಕಣ್ಣಿಗೆ ಸಾಬೂನು ಹೋಯಿತು ಎಂದು ಬಾಳಾಸಾಬನಿಗೆ ಹೇಳಿ ಕಣ್ಣೊರೆಸಿಕೊಂಡ. ಇಂಥ ಹೆಂಡತಿಗೆ ಇಷ್ಟು ದಿನ ಒಂದು ಬಕೆಟ್ಟು ನೀರಿನ ಹಟ ಮಾಡಿದೆನಲ್ಲ ಎಂದು ಮನಸ್ಸಿನಲ್ಲೇ ತನ್ನನ್ನು ತಾನು ಬೈದುಕೊಂಡ.

ಆಮೇಲೆ ಅವನನ್ನು ಹಿಡಿಯುವವರೇ ಇರಲಿಲ್ಲ. ಗಾಲಿಗಳನ್ನು ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿದ. ಗಾಜುಗಳನ್ನು ಹಳೆಯ ಪೇಪರಿನಿಂದ ಒರೆಸಿದ. ಇನ್ನೂ ಹೊಳಪು ಸಾಲದೆಂದು ಭರಮು, ಎಮ್ಮೆಗೆ ಹಚ್ಚಿದಂತೆ ಎಣ್ಣೆ ಹಚ್ಚಬೇಕು ಎಂದ. ದಿನವಿಡೀ ಯಾರ ಮಾತೂ ಕೇಳದವನು ಈ ಒಂದು ಮಾತು ಕೇಳಿದ. ತಾರವ್ವನ ಕೊಬ್ಬರಿ ಎಣ್ಣೆಯ ಬಾಟಲಿ ತಂದು, ತನ್ನ ಮದುವೆಯ ಪಟಕಾ ರುಮಾಲಿನ ತುದಿಗೆ ಸುರಿದುಕೊಂಡು, ಗಾಡಿಯ ಮೈಯೆಲ್ಲ ತಿಕ್ಕಿದ. ಇಳಿಹೊತ್ತಿನ ಬಿಸಿಲಿಗೆ ಗಾಡಿ ಎಷ್ಟು ಹೊಳೆಯಿತೆಂದರೆ ರುಕ್ಮವ್ವಾಯಿ ಕೂಡ ಬಂದು ಅದರ ಬಾಗಿಲಲ್ಲಿ ತನ್ನ ಕುಂಕುಮ ಸರಿಮಾಡಿಕೊಂಡು ಹೋದಳು.

ಕೊನೆಗೆ ಉಳಿದದ್ದು ನಂಬರ ಪ್ಲೇಟು. ಅದರ ಮೇಲಿನ ಕೆಸರಿಗೆ ಲಗಮಣ್ಣ ಒಂದು ತಂಬಿಗೆ ನೀರು ಹಾಕಿ ಒರೆಸಿದ.

ಬಾಳಾಸಾಬ ಹೊರಸಿನಿಂದಲೇ ಕಣ್ಣು ಕಿರಿದು ಮಾಡಿ ಓದಿದ. "ಲಗಮಣ್ಣ, ನಂಬರ ಯಾವಾಗ ಬದಲಿ ಮಾಡಿಸಿದ್ಯೋ?"

ಲಗಮಣ್ಣ ಮತ್ತೊಮ್ಮೆ ಒರೆಸಿದ. ಒರೆಸಿದಷ್ಟೂ ನಂಬರು ಸ್ಪಷ್ಟವಾಯಿತು, ಸ್ಪಷ್ಟವಾದಷ್ಟೂ ಅದು ಅವನದಲ್ಲ ಎಂಬುದು ಖಾತ್ರಿಯಾಯಿತು. ಅದೇ ಹೊತ್ತಿಗೆ ಓಣಿಯ ತಿರುವಿನಲ್ಲಿ ಪರಿಚಯದ ಕೆಮ್ಮು ಕೇಳಿಸಿತು. ಬಣ್ಣವಿಲ್ಲದ, ಎಡಬಾಗಿಲು ನೆಗ್ಗಿದ, ನಿನ್ನೆಯ ಕೆಸರನ್ನೂ ಮೈಗೂಡಿಸಿಕೊಂಡ ಅವನ ಗಾಡಿ ಬಂದು ನಿಂತಿತು. ಮೂಗಿಗೆ ಕರವಸ್ತ್ರ ಒತ್ತಿಕೊಂಡು ಜ್ಞಾನದೇವ ಇಳಿದ.

ನಿನ್ನೆ ಮಳೆಯಲ್ಲಿ ದಾಜಿಯವರು ತನ್ನ ಗಾಡಿಯನ್ನು ತಂದುಬಿಟ್ಟಿದ್ದಾರೆ, ಹೊಲದಲ್ಲಿ ಉಳಿದದ್ದು ಇದೊಂದೇ ಎಂದು ಅವನು ಓಣಿಗೆಲ್ಲ ಕೇಳುವಂತೆ ವಿವರಿಸಿದ. ಮಾತು ಅರ್ಧಕ್ಕೇ ನಿಂತಿತು. ತನ್ನ ಗಾಡಿಯ ಸುತ್ತ ಒಂದು ಸುತ್ತು ಬಂದ. ಗಾಲಿ ನೋಡಿದ, ಗಾಜು ನೋಡಿದ.

"ದಾಜೀ, ಇಷ್ಟ ಚಲೋ ನಮ್ಮ ಆಳ ಸೈತ ತೊಳಿಯೂದಿಲ್ಲ," ಎಂದ.

ಲಗಮಣ್ಣ ಬಾಯಿ ತೆರೆಯುವಷ್ಟರಲ್ಲಿ ತಾರವ್ವ ಹೊರಗೆ ಬಂದಳು. ಇಳಕಲ್ ಸೀರೆ ಉಟ್ಟಿದ್ದಳು, ಕೈಯಲ್ಲಿ ಬಟ್ಟೆಯ ಚೀಲವಿತ್ತು. ನೇರವಾಗಿ ಹೊಳೆಯುವ ಗಾಡಿಯ ಹತ್ತಿರ ಹೋಗಿ ಮುಂದಿನ ಬಾಗಿಲು ತೆಗೆದಳು.

"ಅದ ನಮ್ಮ ಗಾಡಿ ಅಲ್ಲ," ಎಂದ ಲಗಮಣ್ಣ.

"ನನಗ ಮುಂಜಾನೇನ ಗೊತ್ತಾತು. ಹೋದ ಪಂಚಮ್ಯಾಗ ತವರಿಗೆ ಹೋದಾಗ ತಮ್ಮನ ಗಾಡಿಗೆ ಆ ದಾರಾ ನಾನ ಕಟ್ಟೀನಿ. ಹೇಳಾಕ ಬಂದ್ರ ಮಾತಾಡಬ್ಯಾಡ ಅಂದ್ರಿ."

"ಮತ್ತ ಇದರಾಗ ಯಾಕ ಕುಂಡ್ರತಿ?"

"ನೀವ ಕೈಯಾರೆ ತೊಳದ ಗಾಡ್ಯಾಗ ಕುಂತ ತವರಮನಿಗೆ ಹೋಗತೀನಿ ಅಂದಿದ್ದೆ. ಇದನ್ನ ತೊಳದವರು ನೀವ ಅಲ್ಲೇನ್ರಿ?" ತಾರವ್ವ ಸೆರಗು ಸರಿಪಡಿಸಿಕೊಂಡು ಕೂತಳು. ತಲೆಗೆ ಹಚ್ಚಿಕೊಳ್ಳಲು ಎಣ್ಣೆ ಇಲ್ಲ, ನಿಪ್ಪಾಣಿಯಲ್ಲಿ ಹಚ್ಚಿಕೊಳ್ಳುತ್ತೇನೆ ಎಂದೂ ಹೇಳಿದಳು.

ಗಾಡಿ ಕೊಬ್ಬರಿ ಎಣ್ಣೆಯ ವಾಸನೆ ಬಿಟ್ಟು ಹೋಯಿತು. ಓಣಿಯ ಮಂದಿ ಹೋಗಲಿಲ್ಲ. ಬಾಳಾಸಾಬ ಎದ್ದು, ಹೊರಸನ್ನು ಕೆಸರಿನ ಗಾಡಿ ಸರಿಯಾಗಿ ಕಾಣುವಂತೆ ಆ ಕಡೆಗೆ ತಿರುಗಿಸಿ ಹಾಕಿಕೊಂಡು ಕೂತ.

"ನಾ ಸಾಯೂತನಕ ಈ ಗಾಡಿ ತೊಳಿಯೂದಿಲ್ಲ," ಎಂದು ಲಗಮಣ್ಣ ಎಲ್ಲರಿಗೂ ಹೇಳಿದ. ಬಕೆಟ್ಟನ್ನು ಒದ್ದ. ಅದು ಉರುಳುತ್ತ ಹೋಗಿ ರುಕ್ಮವ್ವಾಯಿಯ ಬಾಗಿಲಲ್ಲಿ ನಿಂತಿತು.

ಭರಮು ಎಮ್ಮೆಯ ಹಗ್ಗ ಹಿಡಿದುಕೊಂಡೇ ಮುಂದೆ ಬಂದ. "ಅದೆಲ್ಲಾ ಖರೇರಿ. ಆದರ ತಾರವ್ವ ವೈನ್ಯಾರನ್ನ ತಿರುಗಿ ಹೆಂಗ ಕರಕೊಂಡ ಬರತೀರಿ?"

 ಲಗಮಣ್ಣ ಸೊಂಟದ ಮೇಲೆ ಕೈ ಇಟ್ಟುಕೊಂಡು ಕೆಸರಿನ ಗಾಡಿಯನ್ನು ನೋಡಿದ. ಆಮೇಲೆ ರುಕ್ಮವ್ವಾಯಿಯ ಬಾಗಿಲಿಗೆ ಹೋಗಿ ಬಕೆಟ್ಟು ಎತ್ತಿಕೊಂಡು ಬಾವಿಯ ಕಡೆಗೆ ನಡೆದ. ಇದು ಗಾಡಿಗಲ್ಲ, ಕೈಕಾಲು ತೊಳೆದುಕೊಳ್ಳಲು ಎಂದು ಯಾರೂ ಕೇಳದಿದ್ದರೂ ಹೇಳಿದ. ಹೋಗುವ ದಾರಿಯಲ್ಲಿ ಬಗ್ಗಿ ಅರಿವೆಯ ಸಾಬೂನನ್ನೂ ಎತ್ತಿಕೊಂಡ.