ಕಾಕೂನ ಮಗ್ಗಕ್ಕೆ ಬಂದ ನಾಯಕರು

ಬೆಟಗೇರಿಯ ನಮ್ಮ ಓಣಿಯಲ್ಲಿ ಮಗ್ಗದ ಸಪ್ಪಳ ಕಡಿಮೆಯಾದಷ್ಟೂ ಭಾಷಣದ ಸಪ್ಪಳ ಹೆಚ್ಚುತ್ತದೆ. "ನಮ್ಮ ಕೆಲಸ ಹೊರದೇಶದವರ ಪಾಲಾಗಬಾರದು" ಎಂಬ ಮಾತನ್ನು ನಮ್ಮಜ್ಜ ಕೇಳಿದ್ದ, ಅಪ್ಪ ಕೇಳಿದ್ದ, ಈಗ ನಾನು ಕೇಳುತ್ತಿದ್ದೇನೆ. ಓಣಿಯಲ್ಲಿ ಉಳಿದಿರುವುದು ನನ್ನದೊಂದು, ಹಿಂದೆ ಮುಂದೆ ಯಾರೂ ಇಲ್ಲದ ಓಣಿಗೆಲ್ಲ ಚಿಕ್ಕಮ್ಮನಂತಿರುವ ನಮ್ಮ ಕಾಕೂನದೊಂದು ಮಗ್ಗ. ಕಾಕೂಗೆ ಅನ್ನ ಹಾಕುವುದು ಅದೊಂದೇ.

ಹಾರ

ಮಗ್ಗ ಉಳಿಸಲು ನಾಯಕರೊಬ್ಬರು ಬಂದರು. ಹೂವಿನ ಹಾರ ಶೋಭಿಸುವುದಿಲ್ಲವೆಂದು ಕಾರ್ಯಕರ್ತರು ಕಾಕೂನ ಮನೆಗೆ ನುಗ್ಗಿ, ಬಣ್ಣ ಹಾಕಿ ಒಣಗಿಸುತ್ತಿದ್ದ ನೂಲಿನ ಲಡಿಗಳನ್ನೇ ತಂದು ಅವರ ಕೊರಳಿಗೆ ಹಾಕಿದರು. ನಾಯಕರು ಹಾರದ ಸಮೇತ ಕಾರು ಹತ್ತಿದರು. ನೂಲಿಲ್ಲದೆ ಮಗ್ಗ ನಿಂತಿತು. ನಾನು ಕೇಳಲು ಹೋದರೆ, ಕಾರ್ಯಕರ್ತರು ದೇಶಕ್ಕಾಗಿ ಇಷ್ಟೂ ಮಾಡಲಾಗದೇ ಎಂದು ನನಗೇ ಬುದ್ಧಿ ಹೇಳಿದರು. ನಾಯಕರ ಬಿಳಿ ಅಂಗಿಗೆ ಹಸಿ ಕೆಂಪು ಬಣ್ಣ ಹತ್ತಿತ್ತಂತೆ, ಅದೊಂದೇ ಸಮಾಧಾನ.

ಫೋಟೋ

ಎರಡನೇ ಸಲ ಅವರಿಗೆ ನೇಯುವ ಫೋಟೋ ಬೇಕಾಯಿತು. ಕಾಕೂನದು ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂರಬೇಕು, ಬಟ್ಟೆ ಸುತ್ತುವ ದಿಂಡು ಹೊಟ್ಟೆಯ ಮುಂದೆ ಬರುತ್ತದೆ. ನಾಯಕರು ಉಸಿರು ಬಿಗಿಹಿಡಿದು ಕೂತರು, ಫೋಟೋ ಆಯಿತು, ಉಸಿರು ಬಿಟ್ಟರು. ಹೊಟ್ಟೆ ಸಿಕ್ಕಿಕೊಂಡಿತು. ಬಗಲಿಗೆ ಕೈ ಹಾಕಿ ಎಳೆದರೂ ಬರಲಿಲ್ಲ. ಕೊನೆಗೆ ಕಾರ್ಯಕರ್ತರು, ಗಿರಾಕಿ ಬೆಳ್ಳಟ್ಟಿಯವರು ಮಗಳ ಮದುವೆಗೆ ನೇಯಲು ಹೇಳಿದ್ದ, ಮಗ್ಗದ ಮೇಲಿದ್ದ ಸೀರೆಯನ್ನು ಅರ್ಧಕ್ಕೇ ಕತ್ತರಿಸಿ, ದಿಂಡು ಸಡಿಲಿಸಿ ನಾಯಕರನ್ನು ಬಿಡಿಸಿದರು. ಬೆಳ್ಳಟ್ಟಿಯವರು ಅಂಗಡಿ ಸೀರೆ ತಂದರು, ಕಾಕೂನ ಮಗ್ಗ ಮತ್ತೆ ನಿಂತಿತು. ಮರುದಿನ ಪತ್ರಿಕೆಯಲ್ಲಿ ಫೋಟೋದ ಕೆಳಗೆ, "ನೇಕಾರರ ಕಷ್ಟವನ್ನು ಸ್ವತಃ ಅನುಭವಿಸಿದ ನಾಯಕರು" ಎಂದಿತ್ತು.

ಪರದೇಶಿ

ಆಮೇಲೆ ಮುಂಡರಗಿಯಲ್ಲಿ ಸಭೆ. ನೇಕಾರರೆಂದು ನಮ್ಮಿಬ್ಬರನ್ನೂ ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ನಾಯಕರು ಮೇಜು ಗುದ್ದಿ, ನಮ್ಮ ಕೆಲಸ ಕಸಿಯುವ ಪರದೇಶಿಗಳನ್ನು ಓಡಿಸಿಯೇ ಸಿದ್ಧ ಎಂದರು. ನಮ್ಮ ಕಡೆ ಪರದೇಶಿ ಎಂದರೆ ದಿಕ್ಕಿಲ್ಲದವರು. ಕಾಕೂ ಎದ್ದು ನಿಂತಳು.

"ಪರದೇಶಿ ನಾನರೀ. ಎಲ್ಲಿಗೆ ಓಡಸ್ತೀರಿ ಹೇಳ್ರಿ, ಗಂಟು ಕಟ್ಕೋತೀನಿ."

ನಾಯಕರು ಬೆವರು ಒರೆಸಿಕೊಂಡು, ನಿನಗಲ್ಲವ್ವಾ, ನಾನಂದದ್ದು ನಿನ್ನ ಮಗ್ಗ ನಿಲ್ಲಿಸುವ ಹೊರದೇಶದವರಿಗೆ ಎಂದರು.

"ಅವ್ರು ನನ್ನ ಮಗ್ಗ ಕಣ್ಣಿಲೆನೂ ಕಂಡಿಲ್ರಿ," ಎಂದಳು ಕಾಕೂ. "ಎರಡೂ ಸಲ ನಿಂದರಸಿದಾವ್ರು ನೀವರೀ."