ಕೋರ್ಟಿಗೆ ಅಂಜಿದ ದವಾಖಾನೆ

ನವಲಗುಂದದಲ್ಲಿ ದವಾಖಾನೆ ಇಟ್ಟ ನನ್ನಂಥವಳು ನಗುವುದಕ್ಕೆ ಬೇರೆಲ್ಲೂ ಹೋಗಬೇಕಿರಲಿಲ್ಲ. ಬೆಳಿಗ್ಗೆ ಬಾಗಿಲು ತೆಗೆದರೆ ಸಾಕು, ಒಂದಲ್ಲ ಒಂದು ಫಜೀತಿ ಬಂದು ಬೆಂಚಿನ ಮೇಲೆ ಕೂಡುತ್ತಿತ್ತು. ಎಂಬತ್ತರ ದಶಕದ ಕೊನೆಗೆ ಗ್ರಾಹಕರ ಕಾನೂನು ಹೊಸದಾಗಿ ಬಂದಾಗಂತೂ ಕೇಳಬೇಡಿ. ಡಾಕ್ಟರರು ಅದರೊಳಗೆ ಬರುತ್ತಾರೋ ಇಲ್ಲವೋ ಯಾರಿಗೂ ಖಾತ್ರಿ ಇಲ್ಲ. ಬಾಜು ಮನೆಯ ವಕೀಲರು ಮಾತ್ರ, "ಬಾಯಾರ, ಪೇಶಂಟ್ ನಾಳೆ ಕೋರ್ಟಿಗೆ ಎಳದಾನು. ಎಲ್ಲಾದಕ್ಕೂ ಎಕ್ಸ್‌ರೇ ಫೋಟೋ ತಗಸ್ರಿ. ಏನೇನ ಆಗಬಹುದು ಅಂತ ಮೊದಲ ಹೇಳಿಬಿಡ್ರಿ" ಎಂದು ನನ್ನ ನಿದ್ದೆ ಕೆಡಿಸಿದರು.

ಎತ್ತು ತುಳಿದ ಬೆರಳು

ಒಬ್ಬ ರೈತನ ಕಾಲ್ಬೆರಳನ್ನು ಎತ್ತು ತುಳಿದಿತ್ತು. ಬೆರಳು ಬಾತಿದ್ದರೂ ಆರಾಮಾಗಿ ಮಡಚುತ್ತಿದ್ದ. ಮೊದಲಾಗಿದ್ದರೆ ಪಟ್ಟಿ ಕಟ್ಟಿ ಕಳಿಸುತ್ತಿದ್ದೆ. ಈಗ, "ಹುಬ್ಬಳ್ಳಿಗೆ ಹೋಗಿ ಎಕ್ಸ್‌ರೇ ತಗಿಸ್ಕೊಂಡು ಬಾ" ಎಂದೆ. ನನ್ನ ಅಂಜಿಕೆಗೆ ಖರ್ಚು ಅವನದು.

"ಎಲುಬು ಮುರದೈತಿ ಅಂತ ನಿಮಗ ಅನಸ್ತೈತೇನ್ರಿ?"

"ಇಲ್ಲಪಾ."

"ನನಗೂ ಅನಸವಲ್ದು. ಮತ್ತ ಯಾರಿಗೆ ಅನಸೈತ್ರಿ?"

"ವಕೀಲರಿಗೆ" ಎಂದುಬಿಟ್ಟೆ.

"ಹಂಗಾರ ಅವರ ಕಾಲಿನ ಎಕ್ಸ್‌ರೇ ತಗಸ್ರಿ!"

ಪೈಲವಾನನ ಜ್ವರ

ಜ್ವರವೆಂದು ಒಬ್ಬ ಪೈಲವಾನ ಬಂದ. ಬಾಗಿಲಲ್ಲಿ ಬಾಗಿ ಒಳಗೆ ಬರುವಂಥ ಆಳು. ವಕೀಲರ ಮಾತು ನೆನಪಿಟ್ಟುಕೊಂಡು, ಸಿರಿಂಜಿಗೆ ಔಷಧ ಏರಿಸುತ್ತಲೇ ಹೇಳಿದೆ: "ಈ ಇಂಜೆಕ್ಷನ್ನಿಗೆ ಕೆಲವರಿಗೆ ಮೈ ತುರಸ್ತೈತಿ. ಕೆಲವರಿಗೆ ತಲಿ ತಿರುಗ್ತೈತಿ. ಲಕ್ಷಕ್ಕೊಬ್ಬರಿಗೆ ಉಸಿರ ನಿಲ್ಲಬಹುದು." ಸೂಜಿ ಹಿಡಿದು ತಿರುಗಿದರೆ ಸ್ಟೂಲು ಖಾಲಿ, ಕೆಳಗೆ ಚಪ್ಪಲಿ ಮಾತ್ರ.

ಮರುದಿನ ಚಪ್ಪಲಿ ಒಯ್ಯಲು ಹೆಂಡತಿ ಬಂದಳು. "ಜ್ವರ ಇಳೀತ್ರಿ ಬಾಯಾರ. ಮನಿಗೆ ಓಡಿ ಬರೂದ್ರಾಗ ಮೈಯೆಲ್ಲಾ ಬೆವತು ತೊಯ್ದಿತ್ತು. ಮುಂದನೂ ಬರೇ ಹೇಳ್ರಿ ಅಂದಾರ, ಚುಚ್ಚೂದು ಬ್ಯಾಡಂತ."

ಕಾನೂನಿಗೆ ತಿದ್ದುಪಡಿ

ಒಂದು ಸಂಜೆ ವಕೀಲರ ಕಟ್ಟೆಯ ಮೇಲೆ ನಾನು ವಾದಕ್ಕಿಳಿದೆ. "ಕೇಸ್ ಹಾಕೂದಕ್ಕ ಏನರ ಒಂದು ಮಿತಿ ಬೇಕ್ರಿ. ಇಲ್ಲಾಂದ್ರ ನಾವು ಅಂಜಿ ಅಂಜಿ ಬಡವರ ಕಿಸೆ ಖಾಲಿ ಮಾಡತೀವಿ."

ಅಲ್ಲೇ ಚಹಾ ಕುಡಿಯುತ್ತಿದ್ದ ನಿವೃತ್ತ ಮಾಸ್ತರರು ತಕ್ಷಣ ಪರಿಹಾರ ಹೇಳಿದರು. "ಸರಳ ಐತಿ. ಬದುಕಿದವರು ಕೇಸ್ ಹಾಕಬಾರದು. ಸತ್ತವರಷ್ಟ ಹಾಕಬೇಕು."

"ಹಂಗಾರ ನನ್ನ ಫೀ ಯಾರು ಕೊಡ್ತಾರ್ರಿ?" ವಕೀಲರು ಗಾಬರಿಯಾಗಿ ಮಾಸ್ತರರನ್ನು ಕೇಳಿದರು.

"ನೀವೂ ಅಲ್ಲಿಗೇ ಹೋಗಿ ಇಸ್ಕೊಳ್ರಿ."

ಕಿವಿಯ ತಕರಾರು

ಅಣ್ಣಿಗೇರಿ ಕಡೆಯ ಒಬ್ಬಾತ ಕಿವಿ ಕೇಳದ ಅಪ್ಪನನ್ನು ಕರೆತಂದಿದ್ದ. ನೋಡಿದರೆ ಎರಡೂ ಕಿವಿಯಲ್ಲಿ ಗುಗ್ಗೆ ಕಲ್ಲಾಗಿ ಕೂತಿತ್ತು. ಎಣ್ಣೆ ಬಿಟ್ಟು, ನೀರು ಹಾಯಿಸಿ ತೆಗೆದೆ. ಮುದುಕ ಗೋಡೆಯ ಗಡಿಯಾರದ ಸದ್ದು ಕೇಳಿ ಅತ್ತೇಬಿಟ್ಟ. ನನ್ನ ಕಣ್ಣೂ ತುಂಬಿದವು.

ಕೆಲವು ದಿನ ಬಿಟ್ಟು ಮತ್ತೆ ಇಬ್ಬರೂ ಬಂದರು. ಮಗ ಅಪ್ಪನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ಒಳಗೆ ನುಗ್ಗಿದ.

"ಬಾಯಾರ, ನಿಮ್ಮ ಮ್ಯಾಲೆ ನಾ ಕೇಸ್ ಹಾಕಾಂವ!"

ಬಂತಪ್ಪಾ ಕೋರ್ಟು ಅಂದುಕೊಂಡೆ. "ಯಾಕಪಾ, ಕಿವಿ ಸೋರಾಕತ್ತೈತೇನು?"

"ಅಗದಿ ಛಲೋ ಕೇಳ್ತೈತ್ರಿ, ಅದ ತಕರಾರು! ಇಷ್ಟು ವರ್ಷ ನಾನೂ ನನ್ನ ಹೇಣ್ತೀನೂ ಅಪ್ಪನ ಎದುರಿಗೇ ಮನಸು ಬಿಚ್ಚಿ ಮಾತಾಡಿದ್ವಿ. ಈಗ ಅಡಗಿಮನ್ಯಾಗ ಪಿಸುಗುಟ್ಟಿದ್ರೂ ಪಡಸಾಲ್ಯಾಗಿಂದ ಜವಾಬು ಬರ್ತೈತಿ. ಮೊದಲಿನಂಗ ಮಾಡಿಕೊಡ್ರಿ, ಇಲ್ಲಾ ಕೋರ್ಟಿಗೆ ಬರ್ರಿ!"

ಹೊರಗಿನ ಬೆಂಚಿನಿಂದ ದನಿ ಬಂತು: "ನೀವೇನ್ ಅಂಜಬ್ಯಾಡ್ರಿ ಬಾಯಾರ! ಸಾಕ್ಷಿಗೆ ನಾ ಬರ್ತೀನಿ. ಇಬ್ರೂ ಏನೇನ್ ಅಂದಾರ, ಜಡ್ಜ್ ಸಾಹೇಬರ ಮುಂದ ಒಂದೂ ಬಿಡದಂಗ ಹೇಳ್ತೀನಿ!"

ಮಗನ ಮುಖ ಇಳಿಯಿತು. ಕೇಸಿನ ಮಾತು ಅಲ್ಲಿಗೇ ಮುಗಿಯಿತು. ಅಪ್ಪನ ಕೈ ಹಿಡಿದು ಬಸ್ ಸ್ಟ್ಯಾಂಡಿನ ಕಡೆ ಹೊರಟವನು ಬಾಯೊಳಗೇ ಏನೋ ಗೊಣಗಿದ.

"ಅದೂ ಕೇಳಿಸ್ತು ಬಿಡಲೇ" ಎಂದ ಮುದುಕ.